ಅಪ್ಪನಿಗೆ ಜಾವಾ ಬೈಕ್ ಹುಟ್ಟಿದ ದೇಶ ನೋಡಬೇಕಂತೆ: ಚೆಕ್‌ನಲ್ಲಿ ಎಂಟು ದಿನ, ಎಲ್ಲೆಲ್ಲಿ ಹೋಗಲಿ?

ಒಂಟಿಕೊಪ್ಪಲ್ ಹುಡುಗ
ಎಲ್ಲರಿಗೂ ನಮಸ್ಕಾರ. ನಾನಿರುವುದು ಮ್ಯೂನಿಕ್‌ನಲ್ಲಿ. ಮೇ ತಿಂಗಳಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ಪ್ಯಾರಿಸ್, ಸ್ವಿಟ್ಜರ್ಲೆಂಡ್ ಅಂತ ದೊಡ್ಡ ಪಟ್ಟಿ ಮಾಡಿ ಕಳಿಸಿದ್ದೆ. ಅಪ್ಪ ಫೋನಿನಲ್ಲಿ ಒಂದೇ ಮಾತು ಕೇಳಿದರು. "ಅಲ್ಲಿಂದ ಚೆಕೊಸ್ಲೊವಾಕಿಯಾ ಎಷ್ಟು ದೂರ?"

ಅವರು ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. 1996ರಲ್ಲಿ ಬಾಗಿಲು ಹಾಕುವ ತನಕ ಅಲ್ಲೇ ಇದ್ದರು. ಆ ದೇಶ 1993ರಲ್ಲೇ ಚೆಕ್, ಸ್ಲೊವಾಕಿಯಾ ಅಂತ ಎರಡಾಗಿ ಹೋಯಿತಪ್ಪಾ ಅಂದರೂ ಅವರ ಬಾಯಲ್ಲಿ ಇನ್ನೂ ಹಳೇ ಹೆಸರೇ.

ಎಂಟು ದಿನ ಇದೆ. ಅಮ್ಮನಿಗೆ ಮಂಡಿನೋವು. ಮಾಂಸ, ಮೊಟ್ಟೆ ಎರಡೂ ಮುಟ್ಟುವುದಿಲ್ಲ. ರಾಜಧಾನಿ ಪ್ರಾಗ್ ಒಂದೇ ಸಾಕಾ, ಆಚೆಗೂ ಹೋಗಬೇಕಾ? ಹೋಗಿ ಬಂದವರು ಹೇಳಿ.

ಪ್ರಾಗಿನಲ್ಲಿ ಪುಳಿಯೋಗರೆ
ನಾನು ಇಲ್ಲೇ ಆರು ವರ್ಷದಿಂದ ಇದ್ದೇನೆ. ಮೊದಲು ಮಂಡಿಯ ವಿಚಾರ ಹೇಳುತ್ತೇನೆ, ಯಾಕೆಂದರೆ ಪ್ರಾಗ್ ನೋಡಲು ಎಷ್ಟು ಚೆಂದವೋ ನಡೆಯಲು ಅಷ್ಟೇ ಕಷ್ಟ. ಹಳೇ ಊರಿನ ತುಂಬ ಸಣ್ಣ ಸಣ್ಣ ಕಲ್ಲು ಹಾಸಿದ ಬೀದಿಗಳು. ಮೆತ್ತನೆ ಅಟ್ಟೆಯ ಶೂ ತರಲು ಹೇಳಿ.

ಕೋಟೆಗೆ ಕೆಳಗಿನಿಂದ ಹತ್ತಿಸಬೇಡಿ. 22ನೇ ನಂಬರ್ ಟ್ರಾಮ್ ಹತ್ತಿ 'ಪ್ರಾಝ್‌ಸ್ಕಿ ಹ್ರಾಡ್' ಸ್ಟಾಪಿನಲ್ಲಿ ಇಳಿಯಿರಿ. ಅಲ್ಲಿಂದ ಒಳಗೆ ಹೋಗಲು ನೆಲ ಹೆಚ್ಚು ಕಡಿಮೆ ಸಮತಟ್ಟು. ಅಂಗಳಗಳನ್ನು ಸುತ್ತಲು ಟಿಕೆಟ್ ಬೇಡ, ಒಳಗಿನ ಕಟ್ಟಡಗಳಿಗೆ ಬೇಕು. ಸೇಂಟ್ ವೀಟಸ್ ಚರ್ಚ್ ತಪ್ಪಿಸಬೇಡಿ. 1344ರಲ್ಲಿ ಶುರುವಾಗಿ 1929ಕ್ಕೆ ಮುಗಿದ ಕೆಲಸ ಅದು. ನಮ್ಮ ಮೆಟ್ರೋ ಕಾಮಗಾರಿ ನೋಡಿ ಬೇಜಾರಾದವರಿಗೆ ಸಮಾಧಾನ.

ಚಾರ್ಲ್ಸ್ ಸೇತುವೆಗೆ ಬೆಳಗ್ಗೆ ಆರಕ್ಕೆ ಹೋಗಿ. ಹತ್ತರ ಮೇಲೆ ದಸರಾ ಜಂಬೂಸವಾರಿ ದಿನದ ಸಯ್ಯಾಜಿರಾವ್ ರಸ್ತೆ ಥರ ಇರುತ್ತದೆ. ನಾಲ್ಕನೇ ಚಾರ್ಲ್ಸ್ ದೊರೆ ಇದಕ್ಕೆ ಅಡಿಗಲ್ಲು ಹಾಕಿದ್ದು 1357ರ 9ನೇ ತಾರೀಕು 7ನೇ ತಿಂಗಳು, ಬೆಳಗ್ಗೆ 5 ಗಂಟೆ 31 ನಿಮಿಷಕ್ಕೆ ಅಂತ ಹೇಳುತ್ತಾರೆ. ಸಾಲಾಗಿ ಬರೆದು ನೋಡಿ: 1, 3, 5, 7, 9, 7, 5, 3, 1. ಜ್ಯೋತಿಷಿಗಳು ಇಟ್ಟುಕೊಟ್ಟ ಮುಹೂರ್ತವಂತೆ. ನಿಮ್ಮಮ್ಮನಿಗೆ ಇಷ್ಟವಾಗಬಹುದು.

ಹಳೇ ಚೌಕದ ಗಡಿಯಾರ 1410ರದ್ದು. ಗಂಟೆಗೊಮ್ಮೆ ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಕಿಟಕಿಯಲ್ಲಿ ಯೇಸುವಿನ ಶಿಷ್ಯರು ಬಂದು ಹೋಗುತ್ತಾರೆ, ಕೊನೆಗೆ ಕೋಳಿ ಕೂಗುತ್ತದೆ. ಒಂದು ನಿಮಿಷದಲ್ಲಿ ಆಟ ಮುಗಿಯಿತು. ಎಲ್ಲರೂ ಫೋನ್ ಮೇಲೆತ್ತಿ ನಿಂತಿರುತ್ತಾರೆ, ಜೇಬುಗಳ್ಳರಿಗೆ ಅದೇ ಸುಗ್ಗಿ.

ಹಳೇ ಸೈಲೆನ್ಸರ್
ಅಣ್ಣಾ, ನಿಮ್ಮ ಅಪ್ಪನ ಕಾಲಿಗೆ ನನ್ನದೊಂದು ನಮಸ್ಕಾರ. ಮನೆಯಲ್ಲಿ ಎರಡು ಯಜ್ದಿ ಬೈಕು, ಒಂದು ಹಳೇ ಜಾವಾ 353 ಇಟ್ಟುಕೊಂಡಿದ್ದೇನೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಬೆಂಗಳೂರಿನಲ್ಲಿ ನಾವೆಲ್ಲ ಸೇರಿ ಹೊಗೆ ಎಬ್ಬಿಸುತ್ತೇವೆ.

ಅಪ್ಪನಿಗೆ ಗೊತ್ತಿರುತ್ತದೆ, ಆದರೂ ಬೇರೆಯವರಿಗಾಗಿ ಬರೆಯುತ್ತೇನೆ. ಫ್ರಾಂಟಿಶೆಕ್ ಯಾನೆಚೆಕ್ ಅನ್ನುವವರು ಪ್ರಾಗ್‌ನಲ್ಲಿ ಆಯುಧ ಮಾಡುವ ಕಾರ್ಖಾನೆ ಇಟ್ಟಿದ್ದರು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡರು. ತನ್ನ ಹೆಸರಿನ ಮೊದಲೆರಡು ಅಕ್ಷರ, ಅವರ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಅಂದರು. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡಿದು ಕೂತಿದ್ದಾಗ, ಇವರ ಇಂಜಿನಿಯರುಗಳು ಕದ್ದುಮುಚ್ಚಿ ಹೊಸ 250 ಸಿಸಿ ಗಾಡಿ ತಯಾರು ಮಾಡಿದರು. ಯುದ್ಧ ಮುಗಿದ ಮೇಲೆ ಅದು 'ಪೇರಾಕ್' ಅನ್ನುವ ಹೆಸರಿನಲ್ಲಿ ಹೊರಬಂತು. ಆಮೇಲೆ ಬಂದದ್ದು ಕಿಕ್ಕರ್ರೂ ಗೇರೂ ಒಂದೇ ಲಿವರ್‌ನಲ್ಲಿ ಇದ್ದ ಗಾಡಿ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಗೇರು. ಅದೇ ಮೈಸೂರಿಗೆ ಬಂತು.

ಪ್ರಾಗ್‌ನ ಲೆತ್ನಾ ಬಡಾವಣೆಯಲ್ಲಿ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯ ಇದೆ. ಅದರ ಸಾರಿಗೆ ಹಾಲ್‌ಗೆ ಕರೆದುಕೊಂಡು ಹೋಗಿ. ಕೆಳಗೆ ರೈಲು ಇಂಜಿನ್, ಕಾರು, ಬೈಕು, ಮೇಲೆ ತೂಗುಬಿಟ್ಟ ವಿಮಾನಗಳು. ಅರ್ಧ ದಿನ ಬೇಕೇ ಬೇಕು. ಸೋಮವಾರ ರಜಾ. ಜಾವಾ ಕಾರ್ಖಾನೆ ಇದ್ದದ್ದು ಟೀನೆಟ್ಸ್ ನಾದ್ ಸಾಜಾವೌ ಅನ್ನುವ ಊರಿನಲ್ಲಿ, ಪ್ರಾಗ್‌ನ ದಕ್ಷಿಣಕ್ಕೆ. ಬರೀ ಗೇಟು ನೋಡಲು ಅಷ್ಟು ದೂರ ಹೋಗಬೇಕಾ, ಅದು ನಿಮಗೆ ಬಿಟ್ಟದ್ದು. ನಾನಾಗಿದ್ದರೆ ಹೋಗುತ್ತಿದ್ದೆ.

ಬ್ಯಾಗ್ ಹೊರಟಿತು
ಪ್ರಾಗ್‌ನಲ್ಲಿ ಎರಡು ದಿನಕ್ಕಿಂತ ಜಾಸ್ತಿ ದಂಡ. ಆದ್ರ್‌ಶ್‌ಪಾಖ್‌ಗೆ ಹೋಗಿ! ಮರಳುಗಲ್ಲಿನ ಕಂಬಗಳು ಕಾಡಿನ ನಡುವೆ ಎದ್ದು ನಿಂತಿವೆ. ಯಾಣ ನೋಡಿದ್ದೀರಲ್ಲ, ಅಂಥವು ನೂರಾರು ಒಂದೇ ಕಡೆ. ಕೆಲವು ಕಡೆ ಬಂಡೆಗಳ ನಡುವೆ ಅಡ್ಡ ತಿರುಗಿಕೊಂಡು ನುಸುಳಬೇಕು. ರೈಲು ನಿಲ್ದಾಣ ಪಕ್ಕದಲ್ಲೇ ಇದೆ. ಟಿಕೆಟ್ ಮಾತ್ರ ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಡಿ.

ಉತ್ತರದಲ್ಲಿ ಪ್ರಾವ್ಚಿಟ್ಸ್ಕಾ ಬ್ರಾನಾ ಅಂತ ಕಲ್ಲಿನ ಸಹಜ ಕಮಾನು ಇದೆ. ಮರಳುಗಲ್ಲಿನಲ್ಲಿ ಯುರೋಪಿಗೇ ದೊಡ್ಡದು, ಅಗಲ 26 ಮೀಟರಿಗಿಂತ ಜಾಸ್ತಿ. ಮೇಲೆ ಹತ್ತಲು ಈಗ ಬಿಡುವುದಿಲ್ಲ. ಕೆಳಗಿನಿಂದ ನೋಡಿದರೂ ಸಾಕು. 2022ರ ಜುಲೈನಲ್ಲಿ ಅಲ್ಲಿನ ಕಾಡಿಗೆ ದೊಡ್ಡ ಬೆಂಕಿ ಬಿದ್ದಿತ್ತು. ಹಾಗಾಗಿ ಯಾವ ದಾರಿ ತೆರೆದಿದೆ ಎಂದು ಹೋಗುವ ಮುಂಚೆ ನೋಡಿಕೊಳ್ಳಿ. ಸ್ನೆಷ್ಕಾ ಬೆಟ್ಟವೂ ಇದೆ, ಆ ದೇಶಕ್ಕೇ ಎತ್ತರದ್ದು.

ಪ್ರಾಗಿನಲ್ಲಿ ಪುಳಿಯೋಗರೆ
ತಮ್ಮಾ, ಮಂಡಿನೋವು ಅಂತ ಮೊದಲ ಪೋಸ್ಟಿನಲ್ಲೇ ಬರೆದಿದ್ದಾರೆ.

ಬ್ಯಾಗ್ ಹೊರಟಿತು
ಸಾರಿ ಅಕ್ಕ. ಸ್ನೆಷ್ಕಾಗೆ ರೋಪ್‌ವೇ ಇದೆ ಅಂತ ಹೇಳೋಣ ಅಂತಿದ್ದೆ. ಎತ್ತರ 1,603 ಮೀಟರ್ ಅಷ್ಟೇ, ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ. ಆದರೆ ಗಾಳಿ ಮಾತ್ರ ಹಲ್ಲು ಕಟಕಟ ಅನ್ನಿಸುತ್ತದೆ.

ಒಂದು ಒಳ್ಳೆ ಮಾತು ಹೇಳಿ ಸುಮ್ಮನಾಗುತ್ತೇನೆ. ಕಾಡಿನ ದಾರಿಗಳಿಗೆಲ್ಲ ಮರದ ಮೇಲೆ ಬಣ್ಣದ ಪಟ್ಟಿ ಬಳಿದಿರುತ್ತಾರೆ. ಎರಡು ಬಿಳಿ ಪಟ್ಟಿ, ನಡುವೆ ಕೆಂಪು, ನೀಲಿ, ಹಸಿರು ಅಥವಾ ಹಳದಿ. ಅಲ್ಲಿನ ಚಾರಣಿಗರ ಸಂಘ 1889ರಿಂದ ಈ ಕೆಲಸ ಮಾಡಿಕೊಂಡು ಬಂದಿದೆ. ಒಂದು ಬಣ್ಣ ಹಿಡಿದು ಹೊರಟರೆ ದಾರಿ ತಪ್ಪುವುದು ಕಷ್ಟ. ಕುಮಾರಪರ್ವತದಲ್ಲಿ ದಾರಿ ತಪ್ಪಿಸಿಕೊಂಡು ಒಂದು ರಾತ್ರಿ ಕಳೆದವನು ನಾನು, ಅದಕ್ಕೇ ಇದು ಅಷ್ಟು ಇಷ್ಟವಾಯಿತು.

ಬಟಾಣಿ ಟೀಚರ್
ನಾನು ಶಿವಮೊಗ್ಗದಲ್ಲಿ 31 ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು. ಮಗಳ ಮನೆ ವಿಯೆನ್ನಾದಲ್ಲಿದೆ. ಹೋದ ವರ್ಷ ಅಲ್ಲಿಂದ ಬ್ರನೊಗೆ ಹೋಗಿ ಬಂದೆ. ರೈಲಿನಲ್ಲಿ ಒಂದೂವರೆ ಗಂಟೆ. ಪ್ರಾಗ್‌ನಿಂದಾದರೆ ಎರಡೂವರೆ ಗಂಟೆ ಆಗುತ್ತದೆ.

ನೋಡಪ್ಪ, ಬ್ರನೊದಲ್ಲಿ ಸೇಂಟ್ ಥಾಮಸ್ ಮಠ ಇದೆ. ತಳಿಶಾಸ್ತ್ರಕ್ಕೆ ಅಡಿಪಾಯ ಹಾಕಿದ ಗ್ರೆಗರ್ ಮೆಂಡೆಲ್ ಇದ್ದದ್ದು ಅಲ್ಲೇ. 1856ರಿಂದ 1863ರವರೆಗೆ ಬಟಾಣಿ ಬೆಳೆದು, ಉರುಟು ಎಷ್ಟು ಸುಕ್ಕು ಎಷ್ಟು, ಹಳದಿ ಎಷ್ಟು ಹಸಿರು ಎಷ್ಟು ಎಂದು ಕೂತು ಎಣಿಸಿದ ಪುಣ್ಯಾತ್ಮ. ಪ್ರತಿ ವರ್ಷ ಬೋರ್ಡಿನ ಮೇಲೆ ಮೂರಕ್ಕೆ ಒಂದು ಎಂದು ಬರೆದು ಬರೆದು ನನ್ನ ಕೈ ಸವೆದಿದೆ. ಅಂಗಳದಲ್ಲಿ ಅವನ ಗಾಜಿನ ಮನೆಯ ತಳಪಾಯ ಇನ್ನೂ ಕಾಣುತ್ತದೆ. ಹಳೇ ಕಲ್ಲಿನ ಸಾಲು. ಬೇರೆಯವರು ಎರಡು ನಿಮಿಷ ನೋಡಿ ಹೊರಟರು. ನಾನು ಬೆಂಚಿನ ಮೇಲೆ ಅರ್ಧ ಗಂಟೆ ಕೂತೆ. ಮಗಳು ಬೈದಳು. 1865ರಲ್ಲಿ ಅವನು ಊರಿನ ಸಂಘದಲ್ಲಿ ಇದನ್ನೆಲ್ಲ ಓದಿ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1884ರಲ್ಲಿ ತೀರಿಕೊಂಡ. 1900ಕ್ಕೆ ಜಗತ್ತಿಗೆ ಅವನ ಬಟಾಣಿ ನೆನಪಾಯಿತು.

ಇನ್ನೊಂದು ತಮಾಷೆ ಇದೆ. ಬ್ರನೊದ ದೊಡ್ಡ ಚರ್ಚಿನಲ್ಲಿ ಮಧ್ಯಾಹ್ನದ ಗಂಟೆಯನ್ನು ಹನ್ನೊಂದಕ್ಕೇ ಹೊಡೆಯುತ್ತಾರೆ. 1645ರಲ್ಲಿ ಸ್ವೀಡನ್ ಸೈನ್ಯ ಊರಿಗೆ ಮುತ್ತಿಗೆ ಹಾಕಿತ್ತು. ಮಧ್ಯಾಹ್ನ ಹನ್ನೆರಡರ ಒಳಗೆ ಗೆಲ್ಲದಿದ್ದರೆ ಹೊರಟುಬಿಡುತ್ತೇನೆ ಅಂದನಂತೆ ಅವರ ಸೇನಾಪತಿ. ಊರಿನವರು ಒಂದು ಗಂಟೆ ಮೊದಲೇ ಹನ್ನೆರಡು ಹೊಡೆದರಂತೆ. ಅವನು ಹೊರಟೇ ಹೋದನಂತೆ. ಕತೆ ಇರಬಹುದು, ಆದರೆ ಆ ಮುತ್ತಿಗೆ ನಿಜ, ಗಂಟೆ ಹನ್ನೊಂದಕ್ಕೆ ಹೊಡೆಯುವುದೂ ನಿಜ. ಓಬವ್ವನ ನಾಡಿನವರಿಗೆ ಇಂಥ ಕತೆ ಹಿಡಿಸದೆ ಇರುತ್ತದೆಯೇ?

ಬ್ರನೊದ ಉತ್ತರಕ್ಕೆ ಪುಂಕ್ವಾ ಗುಹೆಗಳು. ಒಳಗೆ ಹರಿಯುವ ಹೊಳೆಯಲ್ಲಿ ದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ನಡುವೆ ಮಾತ್ಸೊಖಾ ಅನ್ನುವ 138 ಮೀಟರ್ ಆಳದ ಬಾವಿಯಂಥ ಕಂದಕದ ತಳಕ್ಕೆ ಬಂದು ನಿಲ್ಲುತ್ತೀರಿ. ತಲೆ ಎತ್ತಿದರೆ ಆಕಾಶ ಒಂದು ತಟ್ಟೆಯಷ್ಟು. ಮಾತ್ಸೊಖಾ ಅಂದರೆ ಮಲತಾಯಿ. ಮಲಮಗನನ್ನು ಅವಳು ಅಲ್ಲಿಂದ ತಳ್ಳಿದಳು, ಹುಡುಗ ಕೊಂಬೆಗೆ ಸಿಕ್ಕಿ ಬದುಕಿದ, ಊರಿನವರು ಅವಳನ್ನೇ ತಳ್ಳಿದರು ಅನ್ನುವುದು ಕತೆ. ಒಳಗೆ ಏಳೆಂಟು ಡಿಗ್ರಿ ಚಳಿ. ಅಮ್ಮನಿಗೆ ಸ್ವೆಟರ್ ಹಾಕಿಸಿ. ಇದಕ್ಕೂ ಟಿಕೆಟ್ ಮೊದಲೇ ತೆಗೆಯಬೇಕು.

ಚಾಂಪಿಯನ್ ರೀಫ್
ಕುಟ್ನಾ ಹೋರಾ ಬಗ್ಗೆ ಯಾರೂ ಬರೆದಿಲ್ಲವಲ್ಲ. ನಾನು ಕೆಜಿಎಫ್‌ನವನು, ತಾತ ಗಣಿಯಲ್ಲಿದ್ದವರು. ಅದಕ್ಕೇ ಈ ಊರಿನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಪ್ರಾಗ್‌ನಿಂದ ರೈಲಿನಲ್ಲಿ ಒಂದು ಗಂಟೆ. ಬೆಳ್ಳಿ ಗಣಿಯ ಊರು. 1300ರ ಹೊತ್ತಿಗೆ ಇಲ್ಲಿ ಪ್ರಾಗ್ ಗ್ರೋಶ್ ಅನ್ನುವ ಬೆಳ್ಳಿ ನಾಣ್ಯ ಅಚ್ಚು ಹಾಕಲು ಶುರು ಮಾಡಿದರು. ಯುರೋಪಿನ ತುಂಬ ಚಲಾವಣೆಯಲ್ಲಿತ್ತು. ಆ ದುಡ್ಡಿನಲ್ಲೇ ಸೇಂಟ್ ಬಾರ್ಬರಾ ಚರ್ಚ್ ಕಟ್ಟಲು ಹೊರಟರು. ಬಾರ್ಬರಾ ಗಣಿ ಕೆಲಸಗಾರರನ್ನು ಕಾಯುವ ದೇವತೆ. 1388ರಲ್ಲಿ ಶುರು, ಮುಗಿದದ್ದು 1905ಕ್ಕೆ. ನಡುವೆ ಬೆಳ್ಳಿಯೂ ಮುಗಿಯಿತು, ಯುದ್ಧಗಳೂ ಬಂದವು.

ಒಳಗೆ ಹೋದರೆ ಗೋಡೆಯ ಮೇಲೆ ದೇವರ ಚಿತ್ರಗಳ ಜೊತೆ ನಾಣ್ಯ ಅಚ್ಚು ಹಾಕುವವರ ಚಿತ್ರ ಇದೆ. ಬಿಳಿ ಅಂಗಿ ತೊಟ್ಟ ಗಣಿಗಾರನ ಪ್ರತಿಮೆ ಬೇರೆ. ನಾನು ಎಷ್ಟೋ ಚರ್ಚು, ದೇವಸ್ಥಾನ ನೋಡಿದ್ದೇನೆ. ರಾಜ ಇರುತ್ತಾನೆ, ರಾಣಿ ಇರುತ್ತಾಳೆ. ಸುತ್ತಿಗೆ ಹಿಡಿದವನು ಇಷ್ಟು ಎದ್ದು ಕಾಣುವುದು ಅಪರೂಪ. ತಾತನ ನೆನಪಾಗಿ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ.

ಊರಿನ ಬೆಳ್ಳಿ ಮ್ಯೂಸಿಯಂನಲ್ಲಿ ನಿಮಗೂ ಅದೇ ಬಿಳಿ ಅಂಗಿ ಹಾಕಿಸಿ, ಹೆಲ್ಮೆಟ್ಟು, ದೀಪ ಕೊಟ್ಟು ಹಳೇ ಸುರಂಗಕ್ಕೆ ಇಳಿಸುತ್ತಾರೆ. ಕತ್ತಲಲ್ಲಿ ಬಿಳಿ ಬಟ್ಟೆ ಹಾಕಿದವನು ಕಾಣುತ್ತಾನೆ ಅನ್ನುವುದಕ್ಕೆ ಆ ಅಂಗಿಯಂತೆ. ಸುರಂಗ ತುಂಬ ಇಕ್ಕಟ್ಟು, ಮೆಟ್ಟಿಲೂ ಇದೆ. ಅಮ್ಮನಿಗೆ ಬೇಡ. ಅಪ್ಪನನ್ನು ಕಳಿಸಿ, ಅಮ್ಮ ಹೊರಗೆ ಕಾಫಿ ಕುಡಿಯಲಿ. ನಮ್ಮ ಗಣಿ 2001ರಲ್ಲಿ ಮುಚ್ಚಿತು. ಇಲ್ಲಿನದು ಮುಚ್ಚಿ ಯಾವ ಕಾಲವಾಯಿತೋ. ಆದರೂ ಅವರು ಅದನ್ನು ತೋರಿಸಿ ಊಟ ಮಾಡುತ್ತಿದ್ದಾರೆ.

ಜನ ಹೋಗುವುದು ಮಾತ್ರ ಸೆಡ್ಲೆಟ್ಸ್ ಮೂಳೆ ಚರ್ಚಿಗೆ. ಕನಿಷ್ಠ 40,000 ಜನರ ಎಲುಬು ಅಲ್ಲಿದೆ ಅನ್ನುತ್ತಾರೆ. 1870ರಲ್ಲಿ ಒಬ್ಬ ಬಡಗಿ ಅವನ್ನೆಲ್ಲ ಜೋಡಿಸಿ ತೂಗುದೀಪ, ಮನೆತನದ ಲಾಂಛನ ಎಲ್ಲ ಮಾಡಿದ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ತಲೆಬುರುಡೆ ಜೊತೆ ಸೆಲ್ಫಿ ತೆಗೆದವರ ಪುಣ್ಯ ಅದು.

ಒಂಟಿಕೊಪ್ಪಲ್ ಹುಡುಗ
ಸಾರ್, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ: "ಸುರಂಗದಲ್ಲಿ ಗಾಳಿ ಹೇಗೆ ಬಿಡ್ತಿದ್ರಂತೆ?" ಫಿಟ್ಟರ್ ಬುದ್ಧಿ. ಅಮ್ಮ ಕೇಳಿದ್ದು: "ಮೂಳೆ ನೋಡಿ ಬಂದು ಸ್ನಾನ ಮಾಡಕ್ಕೆ ಜಾಗ ಇರತ್ತಾ?"

ಈಗ ಊಟದ ವಿಷಯ ಹೇಳಿ. ಬಾಟಾ ನಮ್ಮ ದೇಶದ್ದಲ್ಲ, ಚೆಕ್‌ದು ಅಂತ ಒಬ್ಬ ಗೆಳೆಯ ವಾದ ಮಾಡುತ್ತಿದ್ದಾನೆ. ನಿಜವಾ?

ಪ್ರಾಗಿನಲ್ಲಿ ಪುಳಿಯೋಗರೆ
ಊಟ: ಸಸ್ಯಾಹಾರಿ ಅಂದರೆ ಎಲ್ಲರೂ ಕೊಡುವುದು 'ಸ್ಮಾಝೆನಿ ಸೀರ್', ಅಂದರೆ ಕರಿದ ಚೀಸ್. ಆದರೆ ಅದರ ಹೊದಿಕೆಯಲ್ಲಿ ಮೊಟ್ಟೆ ಇರುತ್ತದೆ. ಆಲೂಗಡ್ಡೆ ದೋಸೆಯಂಥ 'ಬ್ರಾಂಬೊರಾಕ್'ನಲ್ಲೂ ಮೊಟ್ಟೆ. 'ಚೋಚ್ಕಾ' ಅಂತ ಹುಳಿ ಹಾಕಿದ ಬೇಳೆ ಪದಾರ್ಥ ಸಿಗುತ್ತದೆ, ಮೇಲೆ ಬೇಯಿಸಿದ ಮೊಟ್ಟೆ ಇಡುತ್ತಾರೆ. 'ಬೆಜ್ ಮಾಸಾ, ಬೆಜ್ ವೆಯ್ತ್ಸೆ' ಅಂತ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮಾಂಸ ಬೇಡ, ಮೊಟ್ಟೆ ಬೇಡ ಅಂತ ಅರ್ಥ. 'ಮಾಸೊ' ಅಂದರೆ ಮಾಂಸವೇ, ಎರಡೂ ಒಂದೇ ಹಳೇ ಬೇರಿನ ಪದಗಳು. ಅಮ್ಮ ಬೇಗ ಕಲಿಯುತ್ತಾರೆ. ಆದರೂ ಅಡುಗೆಮನೆ ಇರುವ ಬಾಡಿಗೆ ಮನೆಯೇ ಹಿಡಿಯಿರಿ. ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ ಇದ್ದರೆ ಎಂಟು ದಿನ ಏನು, ಎಂಟು ವಾರ ತಳ್ಳಬಹುದು. ನನ್ನ ಹೆಸರು ಸುಮ್ನೆ ಇಟ್ಟುಕೊಂಡಿದ್ದಲ್ಲ.

ದುಡ್ಡು: ಇಲ್ಲಿ ಯೂರೋ ಅಲ್ಲ, ಕೊರುನಾ. ಬೀದಿಯಲ್ಲಿ ಯಾರಾದರೂ 'ಒಳ್ಳೆ ರೇಟ್ ಕೊಡ್ತೀನಿ' ಅಂದರೆ ನಿಲ್ಲಬೇಡಿ. ಬೇರೆ ದೇಶದ ಚಲಾವಣೆ ಇಲ್ಲದ ನೋಟು ಕೈಗಿಡುತ್ತಾರೆ. ಬಂದ ಹೊಸತರಲ್ಲಿ ನಾನೂ ಒಂದು ಕೌಂಟರಿನಲ್ಲಿ ದೊಡ್ಡಕ್ಷರದ ರೇಟ್ ನೋಡಿ, ಸಣ್ಣಕ್ಷರ ಓದದೆ ಟೋಪಿ ಹಾಕಿಸಿಕೊಂಡೆ. ಈಗ ಕಾನೂನು ಇದೆ: ಕೌಂಟರಿನಲ್ಲಿ ಬದಲಾಯಿಸಿದ ದುಡ್ಡನ್ನು 3 ಗಂಟೆಯೊಳಗೆ ರಸೀದಿ ತೋರಿಸಿ ವಾಪಸ್ ಮಾಡಬಹುದು.

ಕಾಗದದ ಟಿಕೆಟ್ ತೆಗೆದರೆ ಹಳದಿ ಯಂತ್ರದಲ್ಲಿ ಮುದ್ರೆ ಹಾಕಿಸಲು ಮರೆಯಬೇಡಿ. ಕೋಟೆ, ಅರಮನೆಗಳು ಸೋಮವಾರ ಹೆಚ್ಚಾಗಿ ಮುಚ್ಚಿರುತ್ತವೆ. ಮೇ 8 ಸರ್ಕಾರಿ ರಜೆ, ದೊಡ್ಡ ಅಂಗಡಿಗಳೂ ಇರುವುದಿಲ್ಲ. ಹಿಂದಿನ ದಿನವೇ ಹಾಲು ತಂದಿಡಿ.

ಹಳೇ ಸೈಲೆನ್ಸರ್
ಬಾಟಾ ಖಂಡಿತ ಅವರದ್ದು. ದೇಶದ ಪೂರ್ವಕ್ಕಿರುವ ಮೊರಾವಿಯಾ ಸೀಮೆಯ ಜ್ಲೀನ್ ಊರಿನಲ್ಲಿ 1894ರಲ್ಲಿ ತೊಮಾಶ್ ಬಾಟ್ಯಾ, ಅಣ್ಣ ಆಂಟೊನಿನ್, ಅಕ್ಕ ಆನ್ನಾ ಸೇರಿ ಶುರು ಮಾಡಿದ್ದು. ಕೋಲ್ಕತ್ತಾ ಹತ್ತಿರದ ಬಾಟಾನಗರ ಆಮೇಲೆ, 1930ರ ದಶಕದಲ್ಲಿ ಆದದ್ದು. ಶಾಲೆಯ ಕಪ್ಪು ಶೂ ಬಾಟಾ ಅಂಗಡಿಯಲ್ಲಿ ಕೊಂಡು ಬೆಳೆದವರು ನಾವು, ನಮ್ಮದೇ ಅನ್ನಿಸಿದರೆ ತಪ್ಪೇನಿಲ್ಲ.

ಜ್ಲೀನ್‌ನಲ್ಲಿ ಅವರ ಹಳೇ ಮುಖ್ಯ ಕಚೇರಿ ಇದೆ, 21ನೇ ನಂಬರ್ ಕಟ್ಟಡ. 1938ರಲ್ಲಿ ಮುಗಿದದ್ದು. ಯಜಮಾನರ ಆಫೀಸ್ ಇದ್ದದ್ದು ಲಿಫ್ಟಿನೊಳಗೆ! ಮೇಜು, ಕುರ್ಚಿ, ಕೈ ತೊಳೆಯುವ ಬೇಸಿನ್ ಸಮೇತ ಕೋಣೆಯೇ ಮಹಡಿಯಿಂದ ಮಹಡಿಗೆ ಹೋಗುತ್ತಿತ್ತು. ಸಾಹೇಬರು ಯಾವ ಮಹಡಿಯಲ್ಲಿ ಬಾಗಿಲು ತೆರೆಯುತ್ತಾರೋ ಅಂತ ಗುಮಾಸ್ತರ ಗತಿ ಏನಾಗಿರಬೇಕು! ಫ್ಯಾಕ್ಟರಿಯಲ್ಲಿ ದುಡಿದವರಿಗೆ ಅದು ನೋಡಲೇಬೇಕಾದ ಜಾಗ.

ಕೆರೆ ಏರಿ
ನನ್ನದೂ ಒಂದು ಊರು ಸೇರಿಸಿಕೊಳ್ಳಿ. ದಕ್ಷಿಣದಲ್ಲಿ ಟ್ರ್ಷೆಬೊನ್. ನಾವು ದಾವಣಗೆರೆ ಕಡೆಯವರು, ಸೂಳೆಕೆರೆ ನೋಡಿ ಬೆಳೆದವರು. ಯುರೋಪಿನಲ್ಲಿ ಕೆರೆ ಏರಿ ಮೇಲೆ ನಡೆಯುತ್ತೇನೆ ಅಂದುಕೊಂಡಿರಲಿಲ್ಲ. ಆ ಸೀಮೆಯ ತುಂಬ ಮನುಷ್ಯರು ಕಟ್ಟಿದ ಕೆರೆಗಳು. ದೊಡ್ಡದು ರೋಜ್ಮ್‌ಬರ್ಕ್, ಸುಮಾರು 490 ಹೆಕ್ಟೇರ್. ಯಾಕುಬ್ ಕ್ರ್‌ಚೀನ್ ಅನ್ನುವವನು 1584ರಿಂದ 1590ರವರೆಗೆ ಕಟ್ಟಿಸಿದ. ಏರಿ ಮೇಲೆ ದೊಡ್ಡ ಓಕ್ ಮರಗಳು. ನಾವು ಕೆರೆ ಕಟ್ಟಿದ್ದು ಗದ್ದೆಗೆ, ಅವರು ಕಟ್ಟಿದ್ದು ಮೀನಿಗೆ. ಶರತ್ಕಾಲದಲ್ಲಿ ತೂಬು ತೆಗೆದು ನೀರು ಬಿಟ್ಟು, ಕೆಸರಲ್ಲಿ ಇಳಿದು ಬಲೆ ಎಳೆಯುತ್ತಾರೆ. ಕ್ರಿಸ್‌ಮಸ್‌ಗೆ ಆ ಕಾರ್ಪ್ ಮೀನು ಬೇಕೇ ಬೇಕು. 2002ರ ಆಗಸ್ಟ್‌ನಲ್ಲಿ ಪ್ರಾಗ್ ಮೆಟ್ರೋ ಒಳಗೆಲ್ಲ ಪ್ರವಾಹ ನುಗ್ಗಿತ್ತಲ್ಲ, ಆಗ ಈ ನಾನೂರು ವರ್ಷದ ಕೆರೆ ಬಹಳಷ್ಟು ನೀರನ್ನು ಹಿಡಿದಿಟ್ಟುಕೊಂಡಿತು. ನಮ್ಮೂರಲ್ಲಿ ಕೆರೆ ಮುಚ್ಚಿ ಬಸ್ ಸ್ಟ್ಯಾಂಡ್ ಮಾಡುವವರನ್ನು ಅಲ್ಲಿಗೆ ಪ್ರವಾಸ ಕಳಿಸಬೇಕು, ನನ್ನ ಖರ್ಚಿನಲ್ಲೇ.

ಬಟಾಣಿ ಟೀಚರ್
ಪ್ರಾಗ್‌ನ ಪಿಂಕಾಸ್ ಸಿನಗಾಗ್ ಅನ್ನುವ ಯಹೂದಿ ಪ್ರಾರ್ಥನಾ ಮಂದಿರದ ಬಗ್ಗೆ ಒಂದು ಮಾತು. ನಾಜಿಗಳು ಕೊಂದ ಸುಮಾರು 78,000 ಯಹೂದಿಗಳ ಹೆಸರನ್ನು ಗೋಡೆಗಳ ಮೇಲೆ ಕೈಯಲ್ಲಿ ಬರೆದಿದ್ದಾರೆ. ಮೇಲಿನ ಮಹಡಿಯಲ್ಲಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜೀನ್ ಘೆಟ್ಟೋದಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಚಿಟ್ಟೆ, ಮನೆ, ಹೂವು. ನನ್ನ ಒಂದನೇ ಕ್ಲಾಸಿನ ಮೊಮ್ಮಗ ಬಿಡಿಸುವಂಥವೇ. ಆ ಮಕ್ಕಳಲ್ಲಿ ಹೆಚ್ಚಿನವರು ಬದುಕಲಿಲ್ಲ. ಅದನ್ನು ನೋಡಿದ ದಿನ ಬೇರೇನೂ ಇಟ್ಟುಕೊಳ್ಳಬೇಡಪ್ಪ.

ಒಂಟಿಕೊಪ್ಪಲ್ ಹುಡುಗ
ಹೋಗಿ ಬಂದೆವು! ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಪ್ರಾಗ್ ನಾಲ್ಕು ರಾತ್ರಿ, ಬ್ರನೊ ಮೂರು. ಕುಟ್ನಾ ಹೋರಾಗೆ ಒಂದು ದಿನ. ಟ್ರ್ಷೆಬೊನ್ ಕೈತಪ್ಪಿತು, ಸಾರ್ ಬೇಜಾರು ಮಾಡಿಕೊಳ್ಳಬೇಡಿ. 22ನೇ ಟ್ರಾಮ್ ಅಮ್ಮನ ಮಂಡಿ ಕಾಪಾಡಿತು. ಆದರೂ ಸೇತುವೆಗೆ ಬೆಳಗ್ಗೆ ಆರಕ್ಕೆ ಬರಲು ಒಪ್ಪಲಿಲ್ಲ, ಎಂಟಕ್ಕೆ ಹೋಗಿ ಜನಸಾಗರದಲ್ಲಿ ಮುಳುಗಿದೆವು. ಆ ಸೇತುವೆಯ ಗಾರೆಗೆ ಮೊಟ್ಟೆ ಬೆರೆಸಿದ್ದರು ಅನ್ನುವ ಕತೆ ಗೈಡ್ ಹೇಳಿದ. ವೆಲ್ವರಿ ಊರಿನವರು ದಾರಿಯಲ್ಲಿ ಒಡೆಯದಿರಲಿ ಅಂತ ಮೊಟ್ಟೆ ಬೇಯಿಸಿ ಕಳಿಸಿದ್ದರಂತೆ. ಅಪ್ಪ ನಕ್ಕು, ನಮ್ಮ ಕಡೆಯ ಹಳೇ ಗಾರೆಗೂ ಬೆಲ್ಲ, ಮೊಟ್ಟೆ ಹಾಕುತ್ತಿದ್ದರು ಅಂದರು. ಅಮ್ಮ ತಕ್ಷಣ ಸೇತುವೆ ಗೋಡೆಯಿಂದ ಕೈ ತೆಗೆದರು.

ಗಣಿಗೆ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಇಳಿದರು. ಗಾಳಿಯ ಪ್ರಶ್ನೆ ಕೇಳಿಯೇ ಕೇಳಿದರು, ನಾನು ಅನುವಾದ ಮಾಡಿ ಸುಸ್ತಾದೆ. ಜ್ಲೀನ್‌ನ ಲಿಫ್ಟ್ ಆಫೀಸ್ ನೋಡಿ "ನಮ್ ಫೋರ್‌ಮನ್‌ಗೆ ಇದು ಸಿಕ್ಕಿದ್ರೆ ನಾವ್ ಬದುಕ್ತಿರ್ಲಿಲ್ಲ" ಅಂದರು. ಅಮ್ಮನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಗುಹೆಯ ದೋಣಿ. ಟೀಚರ್ ಮೇಡಂ, ಸ್ವೆಟರ್ ಹಾಕಿಸಿದ್ದೆ.

ಲೆತ್ನಾ ಮ್ಯೂಸಿಯಂಗೆ ಕೊನೆಯ ದಿನ ಹೋದೆವು. ಅಪ್ಪ ಹಳೇ ಬೈಕುಗಳ ಮುಂದೆ ಹೋಗಿ ಸುಮ್ಮನೆ ನಿಂತುಬಿಟ್ಟರು. ಬಗ್ಗಿ ಲಿವರ್ ನೋಡಿದರು, ಸೈಲೆನ್ಸರ್ ನೋಡಿದರು, ಕೈ ಹಿಂದೆ ಕಟ್ಟಿಕೊಂಡೇ ಇದ್ದರು, ಮುಟ್ಟಬಾರದಲ್ಲ. ತುಂಬ ಹೊತ್ತಾದ ಮೇಲೆ ಅಲ್ಲಿನ ಕಾವಲಿನ ಅಜ್ಜ ಹತ್ತಿರ ಬಂದು ಗಾಡಿ ತೋರಿಸಿ ನಗುತ್ತ "ಯಾವಾ!" ಅಂದ. ಅವರ ಭಾಷೆಯಲ್ಲಿ ಜಾವಾ ಅನ್ನುವುದು ಹಾಗೇ ಅಂತ ನನಗೆ ಆಮೇಲೆ ಹೊಳೆಯಿತು.

ಅಪ್ಪ ನನ್ನ ಕಡೆ ತಿರುಗಿ, "ಯಾವ್ದು ಅಂತ ಕೇಳ್ತಿದಾನೆ ಕಣೋ" ಅಂದರು. ಆಮೇಲೆ ಅವನಿಗೆ ಅಚ್ಚ ಕನ್ನಡದಲ್ಲೇ ಹೇಳಿದರು: "ನಮ್ದು ಮೈಸೂರಿಂದು ಸ್ವಾಮಿ."

ಹಳೇ ಸೈಲೆನ್ಸರ್
ಫೋಟೋ ಹಾಕಿ ಅಣ್ಣಾ. ಲಿವರ್‌ದು, ಅಪ್ಪಂದು, ಎರಡೂ.